ಫುಟ್‌ಬಾಲಿಗೆ ಗೊಟ್ಟ ಹಾಕಿದ ವರ್ಷ

ಪರೇಲಿನ ನಮ್ಮ ಚಾಳಿನ ಖೋಲಿಯಲ್ಲಿ ವರ್ಷದ ಎಂಟು ತಿಂಗಳು ನಾವು ನಾಲ್ಕು ಜನ ಇರುತ್ತಿದ್ದೆವು: ಅಪ್ಪ, ಅವ್ವ, ನಾನು ಮತ್ತು ನಾನು ಆಯಿ ಎಂದು ಕರೆಯುತ್ತಿದ್ದ ಅಪ್ಪನ ತಾಯಿ. ಉಳಿದ ನಾಲ್ಕು ತಿಂಗಳು, ಅಂದರೆ ಮೊದಲ ಮಳೆಯಿಂದ ದಸರೆಯ ತನಕ, ನಮ್ಮ ಜೊತೆ ಹನ್ನೊಂದು ಬ್ಯಾಟು, ಎರಡು ಗೋಣಿಚೀಲ ಪ್ಯಾಡು, ಆರು ಹಾಕಿ ಸ್ಟಿಕ್ಕು, ಮೂರು ಫುಟ್‌ಬಾಲು, ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಬೇಲ್ಸು, ಮತ್ತೆ ಯಾರೂ ಲೆಕ್ಕ ಇಡದಷ್ಟು ಕೈಗವಸುಗಳು ವಾಸಕ್ಕೆ ಬರುತ್ತಿದ್ದವು. ಖೋಲಿ ಹತ್ತು ಅಡಿಗೆ ಹನ್ನೆರಡು ಅಡಿ. ಅದರಲ್ಲಿ ಒಂದು ಮಂಚ, ಅವ್ವನ ಹೊಲಿಗೆ ಮಷೀನು, ನೀರಿನ ಪೀಪಾಯಿ, ಒಲೆಕಟ್ಟೆ, ದೇವರ ಮಾಡ. ಉಳಿದ ಜಾಗದಲ್ಲಿ ನಾವು. ಮಳೆಗಾಲದಲ್ಲಿ ಆ ಉಳಿದ ಜಾಗವೂ ನಮ್ಮದಾಗಿರುತ್ತಿರಲಿಲ್ಲ. ಊಟಕ್ಕೆ ಕೂತರೆ ನನ್ನ ಎಡ ಮೊಣಕಾಲಿಗೆ ಪ್ಯಾಡಿನ ಚೀಲ ತಾಗುತ್ತಿತ್ತು, ಬಲ ಮೊಣಕಾಲಿಗೆ ಆಯಿ ತಾಗುತ್ತಿದ್ದಳು.

ಅಪ್ಪ ಒಂದು ಸಣ್ಣ ಕ್ಲಬ್ಬಿನಲ್ಲಿ ಆಟದ ಸಾಮಾನಿನ ಕೋಣೆ ನೋಡಿಕೊಳ್ಳುತ್ತಿದ್ದ. ನಮ್ಮ ಚಾಳಿನಿಂದ ದಾದರ್ ಕಡೆಗೆ ಇಪ್ಪತ್ತು ನಿಮಿಷ ನಡೆದರೆ ಅದರ ಮೈದಾನ ಸಿಗುತ್ತಿತ್ತು. ಸಾಮಾನಿನ ಕೋಣೆಗೆ ತಗಡಿನ ಮಾಡು. ಮೇ ತಿಂಗಳ ಕೊನೆಯ ತನಕ ಅದು ಮಾಡು, ಆಮೇಲೆ ಜರಡಿ. ಬ್ಯಾಟಿಗೆ ನೀರು ಬಿದ್ದರೆ ಬ್ಯಾಟು ಊದುತ್ತದೆ, ಚರ್ಮಕ್ಕೆ ಬೂಸು ಹಿಡಿಯುತ್ತದೆ. ಆದ್ದರಿಂದ ಪ್ರತಿ ವರ್ಷ ಮೋಡ ಕವಿಯುವ ವಾರ ಅಪ್ಪ ಎಲ್ಲವನ್ನೂ ಒಂದು ಕೈಗಾಡಿಗೆ ಹೇರಿಕೊಂಡು ಮನೆಗೆ ತರುತ್ತಿದ್ದ. ಗಾಡಿ ಚಾಳಿನ ಅಂಗಳಕ್ಕೆ ಬಂದ ಕೂಡಲೇ ಅವ್ವ ಮೇಲೆ ಖೋಲಿಗಳ ಮುಂದಿನ ಕಟಾಂಜನಕ್ಕೆ ಬಂದು, ಸೊಂಟದ ಮೇಲೆ ಕೈ ಇಟ್ಟು, ಏನೂ ಮಾತಾಡದೆ ನಿಲ್ಲುತ್ತಿದ್ದಳು. ಆ ನಿಲುವಿನಲ್ಲಿ ಬೈಗುಳ ಎಲ್ಲ ಇರುತ್ತಿತ್ತು. ಅಪ್ಪ ತಲೆ ತಗ್ಗಿಸಿಕೊಂಡು, ಆದರೆ ನಗುತ್ತಲೇ, ಒಂದೊಂದನ್ನೇ ಹೊತ್ತು ಮೂರು ಮಹಡಿ ಹತ್ತುತ್ತಿದ್ದ. ದನ ಮನೆಗೆ ಬಂದವು ಎನ್ನುತ್ತಿದ್ದ.

ಇದನ್ನು ಅವನು ತಮಾಷೆಗೆ ಹೇಳುತ್ತಿದ್ದನೋ ನಿಜವಾಗಿ ಹೇಳುತ್ತಿದ್ದನೋ ನನಗೆ ಬಹಳ ದಿನ ಗೊತ್ತಾಗಲಿಲ್ಲ. ಅಪ್ಪ ವಿಜಾಪುರದ ಕಡೆಯ ಒಕ್ಕಲುತನದ ಮನೆಯವನು. ಹತ್ತೊಂಬತ್ತನೆಯ ವಯಸ್ಸಿನ ತನಕ ಎತ್ತಿನ ಬಾಲ ಹಿಡಿದೇ ಬೆಳೆದವನು. ಮುಂಬಯಿಯಲ್ಲಿ ಎತ್ತು ಕಟ್ಟುವ ಜಾಗವೆಲ್ಲಿ? ಆದರೆ ದನ ಕಟ್ಟಿ ರೂಢಿಯಾದ ಕೈ ಸುಮ್ಮನಿರುವುದಿಲ್ಲ. ಕಿಟಕಿಯ ಕೆಳಗೆ ಗೋಡೆಗೆ ಒರಗಿಸಿದ ಬ್ಯಾಟುಗಳ ಸಾಲಿಗೆ ಅವನು ಗ್ವಾದಲಿ, ಅಂದರೆ ದನಗಳ ಮೇವಿನ ಕಟ್ಟೆ, ಎನ್ನುತ್ತಿದ್ದ. ಎಣ್ಣೆ ಕುಡಿದು ಕುಡಿದು ಕೆಂಪಾದ ಹಳೆಯ ಬ್ಯಾಟಿನ ಹೆಸರು ಕೆಂಚ. ಹೊಸದಾಗಿ ಬಂದ, ಮೈಮೇಲೆ ಇನ್ನೂ ಒಂದು ಕಲೆಯಿಲ್ಲದ ಬ್ಯಾಟು ಬಿಳಿಯ. ಕೆಂಚ ಮಾತು ಕೇಳುವ ಪ್ರಾಣಿ, ಬಿಳಿಯ ಇನ್ನೂ ಪಳಗಬೇಕು ಎನ್ನುವುದು ಅಪ್ಪನ ಅಭಿಪ್ರಾಯ. ಪಳಗಿಸುವುದು ಎಂದರೆ ಮರದ ಸುತ್ತಿಗೆಯಿಂದ ಅದರ ಎದೆಗೆ ದಿನಾ ಅರ್ಧ ಗಂಟೆ ಮೆಲ್ಲಗೆ ತಟ್ಟುವುದು. ಈ ಟಕಟಕ ಕೇಳಿ ಕೇಳಿ ಕೆಳಗಿನ ಮಹಡಿಯವರು ನಮ್ಮ ಮನೆಯಲ್ಲಿ ಬಡಗಿ ಇದ್ದಾನೆ ಎಂದು ತಿಳಿದಿದ್ದರು.

ಶಾಲೆಯಲ್ಲಿ ಪ್ರಾಣಿಗಳ ಜೀವನಚಕ್ರದ ಪಾಠ ಬರುವ ಮೊದಲೇ ನಾನು ಅದನ್ನು ಝುಣಕ ರೊಟ್ಟಿ ತಿನ್ನುತ್ತ ಕಲಿತಿದ್ದೆ. ಟೆನಿಸ್ ಚೆಂಡು ಹುಟ್ಟುವಾಗಲೇ ಮೈತುಂಬ ತುಪ್ಪಳ ಹೊದ್ದು ಹುಟ್ಟುತ್ತದೆ, ಬೆಳೆದಂತೆ ಬೋಳಾಗುತ್ತದೆ, ಪೂರ್ತಿ ಬೋಳಾದ ಮೇಲೆ ಗುಂಪು ಬಿಟ್ಟು ಗಟಾರದ ಕಡೆಗೆ ವಲಸೆ ಹೋಗುತ್ತದೆ. ಕ್ರಿಕೆಟ್ ಚೆಂಡಿಗೆ ಮೈ ಹೊಳೆಯುವಷ್ಟು ದಿನ ಹರೆಯದ ಸೊಕ್ಕು. ಗಾಳಿಯಲ್ಲಿ ನೆಟ್ಟಗೆ ಹೋಗು ಎಂದರೆ ಪಕ್ಕಕ್ಕೆ ಓಡುತ್ತದೆ. ಹೊಲಿಗೆ ಬಿಟ್ಟು ಮೈ ಮೆತ್ತಗಾದ ಮೇಲೆ ಬುದ್ಧಿ ಬರುತ್ತದೆ, ಅಷ್ಟರಲ್ಲಿ ಅದನ್ನು ಯಾರೂ ಆಟಕ್ಕೆ ಕರೆಯುವುದಿಲ್ಲ. ಷಟಲ್ ಪಾಪದ ಹಕ್ಕಿ. ಕೊಳವೆಯೊಳಗೆ ಒಂದರ ಬಾಲಕ್ಕೆ ಇನ್ನೊಂದು ತಲೆ ಕೊಟ್ಟು ಬೆಳೆಯುತ್ತದೆ, ಹೊರಗೆ ಬಂದ ದಿನವೇ ರೆಕ್ಕೆ ಮುರಿದುಕೊಳ್ಳುತ್ತದೆ. ಸ್ಟಂಪುಗಳು ಪಾಲಾಗದ ಮೂವರು ಅಣ್ಣತಮ್ಮಂದಿರು. ಬೇಲ್ಸು ಗೂಡಿನ ಮರಿಗಳು, ಯಾರು ಮುಟ್ಟಿದರೂ ಕೆಳಗೆ ಬೀಳುತ್ತವೆ, ಬಿಳಿಕೋಟು ಹಾಕಿದ ಅಂಪೈರು ಬಂದು ಎತ್ತಿ ಗೂಡಿಗೆ ಇಡಬೇಕು. ಕೈಗವಸುಗಳು ಜೋಡಿ ಬಿಟ್ಟಿರಲಾರವು. ಆದರೆ ಪ್ರತಿ ವರ್ಷ ಒಂದೆರಡು ಜೋಡಿಗಳಲ್ಲಿ ಒಂದು ಎಲ್ಲೋ ಕಾಣೆಯಾಗುತ್ತಿತ್ತು. ಉಳಿದ ಒಂಟಿಗಳಿಗೆ ಅಪ್ಪ ತಾನೇ ಮುಂದೆ ನಿಂತು ಕೂಡಾವಳಿ, ಅಂದರೆ ಮರುಮದುವೆ, ಮಾಡಿಸುತ್ತಿದ್ದ. ಎರಡೂ ಎಡಗೈಯವೇ ಆದ ಒಂದು ದಂಪತಿ ನಮ್ಮ ಮನೆಯಲ್ಲಿ ಮೂರು ಮಳೆಗಾಲ ಸಂಸಾರ ಮಾಡಿತು.

ಮುನಿಸಿಪಲ್ ಕನ್ನಡ ಶಾಲೆಯ ಪರೀಕ್ಷೆಯಲ್ಲಿ ಬೇಸಿಗೆಯೆಲ್ಲ ನಿದ್ದೆ ಮಾಡಿ ಮಳೆಗೆ ಎದ್ದೇಳುವ ಪ್ರಾಣಿಯ ಹೆಸರು ಬರೆಯಿರಿ ಎಂಬ ಪ್ರಶ್ನೆ ಬಂದಾಗ ನಾನು ಫುಟ್‌ಬಾಲು ಎಂದು ಬರೆದೆ. ಪಾಠ ಹೇಳುವ ಬಾಯಿಯವರು ಸೊನ್ನೆ ಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಪಾಲಕರನ್ನು ಕರೆದು ತಾ ಎಂದು ಬರೆದರು. ಅಪ್ಪ ಹೋಗಿ, ಮೇ ತಿಂಗಳಲ್ಲಿ ಯಾವುದಾದರೂ ಫುಟ್‌ಬಾಲನ್ನು ಹತ್ತಿರದಿಂದ ನೋಡಿದ್ದೀರಾ ಎಂದು ಅವರನ್ನೇ ಕೇಳಿ ಬಂದ. ಅಪ್ಪನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಮುಂಬಯಿಯಲ್ಲಿ ಮಳೆ ಬಿದ್ದ ಮೇಲೆಯೇ ಫುಟ್‌ಬಾಲಿನ ಕಾಲ. ಬ್ಯಾಟುಗಳು ಮಲಗುವ ವಾರವೇ ಅವು ಏಳುತ್ತವೆ. ಬೇಸಿಗೆಯುದ್ದಕ್ಕೂ ಉಸಿರು ಬಿಟ್ಟು ಚಪ್ಪಟೆಯಾಗಿ ಮಲಗಿದ್ದ ಚರ್ಮ, ಮೈದಾನದಲ್ಲಿ ಕೆಸರಾದ ಕೂಡಲೇ ಉಬ್ಬಿ ಕುಳಿತುಕೊಳ್ಳುತ್ತದೆ. ನಮ್ಮ ಮನೆಯ ಅಷ್ಟೂ ಪ್ರಾಣಿಗಳಲ್ಲಿ ಕಣ್ಣಿಗೆ ಕಾಣುವ ಹಾಗೆ ಉಸಿರಾಡುವುದು ಇದೊಂದೇ ಎಂದು ಅಪ್ಪ ಹೇಳುತ್ತಿದ್ದ. ಗಾಳಿ ಹಾಕುವ ಪಂಪನ್ನು ಸೂಲಗಿತ್ತಿ ಎಂದು ಕರೆಯುತ್ತಿದ್ದ.

ಅವ್ವನಿಗೆ ಇದು ಯಾವುದೂ ಹಿಡಿಸುತ್ತಿರಲಿಲ್ಲ. ಅವಳ ಪಾಲಿಗೆ ಅವು ಸಾಮಾನು, ಅದೂ ಬೆವರು ನಾರುವ ಸಾಮಾನು. ಅವಳು ಕಿಟಕಿಯ ಬೆಳಕಿಗೆ ಕೂತು ಚಾಳಿನ ಹೆಂಗಸರ ಪೋಲ್ಕ ಹೊಲಿಯುತ್ತಿದ್ದಳು. ಪೋಲ್ಕದ ರೇಷ್ಮೆಯ ಕಣ ಒಂದು ಕಡೆ, ಪ್ಯಾಡಿನ ವಾಸನೆ ಇನ್ನೊಂದು ಕಡೆ. ನಿಮ್ಮ ದನಗಳಿಗೆ ಬೇರೆ ಖೋಲಿ ಹಿಡಿಯಿರಿ, ಇಲ್ಲ ನನಗೆ ಹಿಡಿದುಕೊಡಿ ಎಂದು ವಾರಕ್ಕೊಮ್ಮೆ ಹೇಳುತ್ತಿದ್ದಳು. ಅಪ್ಪ ಜೋಳದ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಳ್ಳುತ್ತ, ಅವು ನಿನಗೇನು ಮಾಡಿವೆ, ಪಾಪ, ಒದರುವುದಿಲ್ಲ ಹಾಯುವುದಿಲ್ಲ ಎನ್ನುತ್ತಿದ್ದ. ಆಯಿ ಮಾತ್ರ ಮಗನ ಪಕ್ಷ. ಮುಂಬಯಿಗೆ ಬಂದ ಮೇಲೆ ಅವಳಿಗೆ ಸಿಕ್ಕ ಒಂದೇ ಒಂದು ತಿಳಿಯುವ ವಿಷಯ ಅದಾಗಿತ್ತು.

ಆಯಿ ಇದ್ದದ್ದರಿಂದಲೇ ನಮ್ಮ ಮನೆಯಲ್ಲಿ ಕಾರಹುಣ್ಣಿಮೆ ಆಗುತ್ತಿತ್ತು. ಮಳೆಯ ಬಾಗಿಲಲ್ಲಿ ಬರುವ ಈ ಹಬ್ಬ ಎತ್ತುಗಳದ್ದು. ಅಂದು ಅವುಗಳ ಕೊರಳಿಗೆ ನೊಗ ಇಡುವುದಿಲ್ಲ. ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸಿ, ಸಂಜೆ ಊರಬಾಗಿಲಲ್ಲಿ ಎಲೆ ಕಟ್ಟಿದ ಹಗ್ಗವೊಂದನ್ನು ಅಡ್ಡ ಹಿಡಿದು ಎತ್ತುಗಳನ್ನು ಓಡಿಸುತ್ತಾರೆ. ಯಾವ ಎತ್ತು ಮೊದಲು ಹಗ್ಗ ಹರಿಯುತ್ತದೋ ಅದರ ಬಣ್ಣದ ಪೈರು ಆ ವರ್ಷ ಚೆನ್ನಾಗಿ ಬರುತ್ತದೆ. ಇದಕ್ಕೆ ಕರಿ ಹರಿಯುವುದು ಎನ್ನುತ್ತಾರೆ. ನಮ್ಮಲ್ಲಿ ಅಪ್ಪ ಬ್ಯಾಟುಗಳಿಗೆ ಊರಿನಿಂದ ತರಿಸಿದ ಅಗಸಿ ಎಣ್ಣೆ ತಿಕ್ಕುತ್ತಿದ್ದ. ಮಳೆಗಾಲಕ್ಕೆ ಬ್ಯಾಟಿಗೆ ಹಾಕಬೇಕಾದದ್ದೂ ಅದೇ ಎಣ್ಣೆ, ಆದ್ದರಿಂದ ಕ್ಲಬ್ಬಿನ ಕೆಲಸವೂ ಆಯಿತು, ಹಬ್ಬವೂ ಆಯಿತು. ಹಿಡಿಕೆಗೆ ಕುಂಕುಮ, ಎದುರಿಗೆ ಹೋಳಿಗೆ. ಸಂಜೆ ಚಾಳಿನ ಉದ್ದನೆಯ ಕಟಾಂಜನಕ್ಕೆ ಆಯಿ ಮಾವಿನೆಲೆಯ ಹಗ್ಗ ಕಟ್ಟಿಸುತ್ತಿದ್ದಳು, ಮಕ್ಕಳೆಲ್ಲ ಬ್ಯಾಟು ಹೊತ್ತುಕೊಂಡು ಓಡುತ್ತಿದ್ದೆವು. ಮೊದಮೊದಲು ಕದ ತೆರೆದು ನಕ್ಕ ಮರಾಠಿ ನೆರೆಯವರು ಎರಡನೆಯ ವರ್ಷ ತಮ್ಮ ಮಕ್ಕಳನ್ನೂ ಕಳಿಸಿದರು. ಕೆಂಚ ಗೆದ್ದರೆ ಕೆಂಪು ಪೈರು, ಬಿಳಿಯ ಗೆದ್ದರೆ ಜೋಳ. ಪರೇಲಿನ ಮೂರನೆಯ ಮಹಡಿಯಲ್ಲಿ ನಿಂತು ಆಯಿ ವಿಜಾಪುರದ ಬೆಳೆಯನ್ನು ಹೇಳುತ್ತಿದ್ದಳು.

ನನಗೆ ಒಂಬತ್ತು ವರ್ಷವಾಗಿದ್ದಾಗ ಬಂದ ಕಾರಹುಣ್ಣಿಮೆಗೆ ಸ್ವಲ್ಪ ಮೊದಲು ಮನೆಯಲ್ಲಿ ಒಂದು ಹೆದರಿಕೆ ಹೊಕ್ಕಿತ್ತು. ಹಿಂದಿನ ಮಳೆಗಾಲದಲ್ಲಿ ಇಲಿಯೊಂದು ವಿಕೆಟ್ ಕೀಪರನ ಕೈಗವಸಿನ ಹೆಬ್ಬೆರಳನ್ನು ತಿಂದುಹಾಕಿತ್ತು. ಕ್ಲಬ್ಬಿನ ಸೆಕ್ರೆಟರಿ ಸಾಹೇಬರು ಅಪ್ಪನನ್ನು ಕರೆದು, ಇನ್ನೊಂದು ಸಾಮಾನು ಮನೆಯಲ್ಲಿ ಕೆಟ್ಟಿತೆಂದರೆ ಮುಂದಿನ ವರ್ಷದಿಂದ ಎಲ್ಲವೂ ವಡಾಲಾದ ಗೋದಾಮಿಗೆ ಹೋಗುತ್ತದೆ ಎಂದು ಹೇಳಿದ್ದರು. ಅಪ್ಪ ಇದನ್ನು ಊಟದ ಹೊತ್ತಿಗೆ ಅವ್ವನಿಗೆ ಹೇಳಿದ. ಅವ್ವ ಒಳ್ಳೆಯದೇ ಆಯಿತು ಅಂದಳು. ಅಪ್ಪ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದ. ಆ ವರ್ಷ ಗಾಡಿಯಲ್ಲಿ ಬಂದವುಗಳಲ್ಲಿ ಒಂದು ಹೊಸ ಫುಟ್‌ಬಾಲೂ ಇತ್ತು. ಕೈಯಿಂದ ಹೊಲಿದ ಒಳ್ಳೆಯ ಚರ್ಮದ್ದು, ಹಳೆಯ ಸದಸ್ಯರೊಬ್ಬರು ಪಂಜಾಬಿನಿಂದ ತರಿಸಿಕೊಟ್ಟದ್ದು. ಹುಣ್ಣಿಮೆಯ ನಂತರದ ರವಿವಾರ ಮೊದಲ ಪಂದ್ಯಕ್ಕೆ ಅದನ್ನೇ ಇಳಿಸಬೇಕೆಂದು ಸಾಹೇಬರು ಅಪ್ಪನ ಎರಡೂ ಕೈಯಲ್ಲಿ ಇಟ್ಟುಕೊಟ್ಟಿದ್ದರು. ಆಗಿನ ಫುಟ್‌ಬಾಲಿಗೆ ಬೂಟಿನ ಹಾಗೆ ಲೇಸು ಕಟ್ಟುವ ಬಾಯಿ. ಒಳಗೆ ರಬ್ಬರಿನ ಚೀಲ, ಆ ಚೀಲಕ್ಕೆ ಬೆರಳುದ್ದದ ಕೊಳವೆ. ಅಪ್ಪ ಅದನ್ನು ಹೊಕ್ಕುಳಬಳ್ಳಿ ಎನ್ನುತ್ತಿದ್ದ. ಗಾಳಿಯಿಲ್ಲದ ಆ ಫುಟ್‌ಬಾಲು ಹೊಕ್ಕುಳಬಳ್ಳಿ ಹೊರಗೆ ಚಾಚಿಕೊಂಡು ಮಂಚದ ಕೆಳಗೆ, ನನ್ನ ಪಾಟಿಚೀಲದ ಪಕ್ಕದಲ್ಲೇ ಮಲಗಿತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಆಯಿ ನನಗೆ ಗೊಟ್ಟದ ವಿಷಯ ಹೇಳಿದಳು. ಮಳೆಗಾಲದ ದುಡಿಮೆಗೆ ಇಳಿಯುವ ಮೊದಲು ಎತ್ತಿನ ಬಾಯಿ ಅಗಲಿಸಿ, ಗೊಟ್ಟ ಎಂಬ ಬಿದಿರಿನ ಕೊಳವೆಯಿಂದ ಎಣ್ಣೆ, ಅರಿಷಿಣ, ಒಡೆದ ಕೋಳಿತತ್ತಿ ಕಲಸಿ ಗಂಟಲಿಗೆ ಇಳಿಸುತ್ತಾರಂತೆ. ನಮ್ಮ ಮನೆಯಲ್ಲಿ ಯಾರೂ ತತ್ತಿ ತಿನ್ನುತ್ತಿರಲಿಲ್ಲ. ಹೊಸ್ತಿಲೊಳಗೆ ಅದರ ಹೆಸರೂ ಬರುತ್ತಿರಲಿಲ್ಲ. ಆದರೆ ಎತ್ತಿಗೆ ನಡೆಯುತ್ತಿತ್ತು, ಏಕೆಂದರೆ ದುಡಿಯುವುದು ಅದು.

"ಗೊಟ್ಟಾ ಹಾಕ್ಲಿಲ್ಲಂದ್ರ ನಡು ಮಳಿಗಾಲದಾಗ ಎತ್ತು ಕುಂದರತೈತಿ ನೋಡವಾ," ಎಂದಳು ಆಯಿ. "ಕೂತ ಎತ್ತು ಮತ್ತ ಏಳಂಗಿಲ್ಲ."

ಹೇಳಿ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ನಿದ್ದೆ ಎಲ್ಲಿಯದು. ಬ್ಯಾಟುಗಳಿಗಾದರೋ ಎಣ್ಣೆ ಸಿಗುತ್ತದೆ, ಅವು ಮಲಗುವ ಪ್ರಾಣಿಗಳು. ರವಿವಾರದಿಂದ ಮಳೆಯಲ್ಲಿ ದುಡಿಯಬೇಕಾದದ್ದು ಫುಟ್‌ಬಾಲು, ಅದಕ್ಕೆ ಮಾತ್ರ ಯಾರೂ ಏನೂ ಕೊಟ್ಟಿಲ್ಲ. ನಡು ಮೈದಾನದಲ್ಲಿ ಅದು ಕೂತುಬಿಟ್ಟರೆ ಸಾಹೇಬರು ಎಲ್ಲರನ್ನೂ ವಡಾಲಾಕ್ಕೆ ಕಳಿಸುತ್ತಾರೆ. ಅವ್ವ ಹೊಲಿದ ಪೋಲ್ಕ ಕೊಟ್ಟುಬರಲು ಕೆಳಗೆ ಹೋಗಿದ್ದಳು. ನಾನು ಎದುರು ಖೋಲಿಯ ಮಾಲವಣದ ಶಾಂತಾ ಮಾವಶಿಯ ಹತ್ತಿರ ಹೋಗಿ, ನಮ್ಮ ಆಯಿ ಎತ್ತಿಗೆ ಬೇಕೆಂದು ಹೇಳಿದ್ದಾಳೆ ಎಂದು ಒಂದು ತತ್ತಿ ಕೇಳಿದೆ. ನಮ್ಮ ಮನೆಯ ರೀತಿ ಬಲ್ಲ ಮಾವಶಿ ಏನೂ ವಿಚಾರಿಸದೆ ಕೊಟ್ಟಳು. ಸೀಮೆಎಣ್ಣೆ ಸುರಿಯುವ ಲಾಳಿಕೆಯನ್ನು ತೊಳೆದು, ಹೊಕ್ಕುಳಬಳ್ಳಿಗೆ ಸಿಕ್ಕಿಸಿ, ಅಗಸಿ ಎಣ್ಣೆ, ಅರಿಷಿಣ, ತತ್ತಿ ಕಲಸಿದ್ದನ್ನು ಗಂಟಲಿಗೆ ಇಳಿಸಿದೆ. ಕೊನೆಯ ಹನಿಯ ತನಕ ಕುಡಿಯಿತು. ಕೊಳವೆಯನ್ನು ಮಡಚಿ ದಾರ ಕಟ್ಟಿ, ಬೆನ್ನು ಸವರಿ ಮಲಗಿಸಿದೆ. ಜೀವನದಲ್ಲಿ ಅಷ್ಟು ಜವಾಬ್ದಾರಿಯ ಕೆಲಸ ನಾನು ಅದಕ್ಕಿಂತ ಮೊದಲು ಮಾಡಿರಲಿಲ್ಲ. ಮಾರನೆಯ ದಿನ ಕರಿ ಹರಿಯುವಾಗ ಕೆಂಚನನ್ನು ಹೊತ್ತು ಓಡಿ ಗೆದ್ದವಳೂ ನಾನೇ.

ಶನಿವಾರ ಅಪ್ಪ ಮಧ್ಯಾಹ್ನವೇ ಮನೆಗೆ ಬಂದು, ಮಂಚದ ಕೆಳಗಿನಿಂದ ಫುಟ್‌ಬಾಲು ಎಳೆದು, ಸೂಲಗಿತ್ತಿಯನ್ನು ಕರೆದ. ಎತ್ತಿದ ಕೂಡಲೇ ಒಳಗೆ ಗುಳುಗುಳು ಎಂದಿತು. ಅಪ್ಪ ಕಿವಿ ಹತ್ತಿರ ತಂದು ಅಲ್ಲಾಡಿಸಿದ. ಆಮೇಲೆ ದಾರ ಬಿಚ್ಚಿದ. ಮೂರು ದಿನ ಜೂನ್ ತಿಂಗಳ ಧಗೆಯಲ್ಲಿ ರಬ್ಬರಿನೊಳಗೆ ಇದ್ದ ತತ್ತಿ ಹೊರಗೆ ಬಂದಿತು. ಅಪ್ಪನ ಬನಿಯನ್ನಿನ ಮೇಲೆ ಹಳದಿ ಚಿಮ್ಮಿತು. ವಾಸನೆ ಹೇಗಿತ್ತೆಂದರೆ ಕಟಾಂಜನದಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಅವ್ವ ಮಷೀನು ನಿಲ್ಲಿಸಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಯಾರು ಮಾಡಿದ್ದು ಎಂದು ಅಪ್ಪ ಕೇಳುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ. ಎಷ್ಟು ತತ್ತಿ ಎಂದು ಆಯಿ ಮಂಚದಿಂದ ಕೇಳಿದಳು. ಒಂದು ಎಂದೆ. ಎತ್ತಿಗಾದರೆ ಎರಡು ಬೇಕಾಗುತ್ತಿತ್ತು ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡಳು. ಅವ್ವ ಅವಳ ಕಡೆ ಒಂದು ಸಾರಿ ನೋಡಿದಳು. ಫುಟ್‌ಬಾಲು ಅಪ್ಪನ ಕೈಯಲ್ಲಿ ಜೋತುಬಿದ್ದಿತ್ತು. ಅದರ ಬಾಯಿಂದ ಹಳದಿ ನೀರು ಇಳಿಯುತ್ತಿತ್ತು.

"ಅಪ್ಪಾ, ಅದು ಸತ್ತು ಹೋತೇನು?" ಎಂದು ಕೇಳಿದೆ.

ಅಪ್ಪ ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸಾಯಾಕ ಅದೇನ ಪ್ರಾಣಿ ಅಲ್ಲ ಸುಮಿ," ಎಂದ. "ಚೆಂಡು ಅದು. ಬರೇ ಚೆಂಡು."

ಹೇಳಿ ಅದನ್ನು ನೆಲಕ್ಕೆ ಇಟ್ಟು, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತ. ಫುಟ್‌ಬಾಲು ಒಂದೇ ಅಲ್ಲ, ಒಂದು ಮಾತಿಗೆ ಎಲ್ಲವೂ ಹೋದವು. ಕಿಟಕಿಯ ಕೆಳಗೆ ಕೆಂಚ ಬಿಳಿಯ ಇರಲಿಲ್ಲ, ಹನ್ನೊಂದು ಕಟ್ಟಿಗೆಗಳಿದ್ದವು. ಬಿಸ್ಕತ್ತಿನ ಡಬ್ಬಿಯಲ್ಲಿ ಮರಿಗಳಿರಲಿಲ್ಲ. ಎರಡು ಎಡಗೈಗಳ ಆ ದಂಪತಿ ಬರೀ ಎರಡು ಹಳೆಯ ಕೈಗವಸುಗಳಾಗಿ ಮೊಳೆಗೆ ನೇತಾಡುತ್ತಿದ್ದರು. ಅಪ್ಪ ಇಷ್ಟು ದಿನ ನನ್ನ ಜೊತೆ ಆಡಿದ್ದು ಆಟ, ನಾನೊಬ್ಬಳೇ ಅದನ್ನು ನಿಜ ಎಂದುಕೊಂಡಿದ್ದೆ ಎಂದು ತಿಳಿದು ನನಗೆ ನಾಚಿಕೆಯೂ ಆಯಿತು, ದುಃಖವೂ ಆಯಿತು. ಪೀಪಾಯಿಯ ಮೂಲೆಗೆ ಹೋಗಿ ನಿಂತು ಅತ್ತೆ.

ಆಗ ಅವ್ವ ಮಷೀನಿನ ಮುಂದಿನಿಂದ ಎದ್ದಳು. ಎಷ್ಟೋ ಮಳೆಗಾಲ ಆ ಪ್ರಾಣಿಗಳ ಮೇಲೆ ಒಂದು ಒಳ್ಳೆಯ ಮಾತು ಆಡದಿದ್ದ ಅವ್ವ, ನೆಲದ ಮೇಲಿದ್ದ ಆ ನಾರುವ ಫುಟ್‌ಬಾಲನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಮೂಗಿನಿಂದ ಸೆರಗು ತೆಗೆದು, ಅದರ ಮೇಲೆ ಕಿವಿ ಇಟ್ಟಳು.

"ಏನರ ಅನಬ್ಯಾಡ್ರಿ ಸುಮ್ಮ," ಎಂದು ಅಪ್ಪನಿಗೆ ಹೇಳಿದಳು. "ಉಸರೈತಿ ಇನ್ನಾ ಇದರಾಗ. ಸುಮಿ, ಪರಾತ ತೊಗೊಂಡ ಬಾ."

ಅಗಲವಾದ ಹಿತ್ತಾಳೆಯ ಪರಾತದಲ್ಲಿ ಅವ್ವ ಅದಕ್ಕೆ ಬಾಣಂತನ ಮಾಡಿದಳು. ಬೇರೆ ಶಬ್ದ ನನಗೆ ಸಿಗುವುದಿಲ್ಲ. ಲೇಸು ಬಿಚ್ಚಿ ರಬ್ಬರಿನ ಚೀಲವನ್ನು ಹೊರಗೆ ತೆಗೆದಳು. ಉಗುರುಬೆಚ್ಚಗಿನ ನೀರಿಗೆ ಶೀಗೆಪುಡಿ ಹಾಕಿ, ಅದರೊಳಗೆ ತುಂಬಿ, ಕುಲುಕಿ, ಚೆಲ್ಲಿ, ಮತ್ತೆ ತುಂಬಿದಳು. ಎರಡು ಸಾರಿ ಮೋರಿಯ ಹತ್ತಿರ ಓಡಿ ಓಕರಿಸಿ ಬಂದಳು. ಬಂದು ಮತ್ತೆ ಕೂತಳು. ಮನೆಗೆ ಕುಡಿಯಲು ಇಟ್ಟ ನೀರಿನಲ್ಲಿ ಅರ್ಧ ಖರ್ಚಾಯಿತು. ಒಂಬತ್ತನೆಯ ನೀರು ತಿಳಿಯಾಗಿ ಬಂದಿತು. ಎಳೆಗೂಸಿಗೆ ಹಾಕುವ ಹಾಗೆ ಲೋಬಾನದ ಹೊಗೆ ಹಾಕಿದಳು. ವಾಸನೆ ಪೂರ್ತಿ ಹೋಗಲಿಲ್ಲವೆಂದು ಚರ್ಮದ ಒಳಗೂ ಹೊಲಿಗೆಗಳಿಗೂ ಅರಿಷಿಣ ತಿಕ್ಕಿದಳು. ನಾನು ಬೀಸಣಿಗೆಯಿಂದ ಗಾಳಿ ಹಾಕಿ ಒಣಗಿಸಿದೆ. ಕೊನೆಗೆ ಚೀಲವನ್ನು ಒಳಗೆ ಕೂರಿಸಿ ಕೊಳವೆಯನ್ನು ಹೊರಗೆ ಎಳೆದಾಗ ಆಯಿ ಪಂಪನ್ನು ಮುಂದೆ ಚಾಚಿದಳು. ಇಷ್ಟು ಬೇನೆ ತಿಂದ ಜೀವಕ್ಕೆ ಸೂಲಗಿತ್ತಿಯ ಬಿರುಸು ಬೇಡ ಎಂದು ಅವ್ವ ಅದನ್ನು ಪಕ್ಕಕ್ಕೆ ಇಟ್ಟಳು. ಹುಟ್ಟಿದಾಗಿನಿಂದ ತತ್ತಿಯ ಹೆಸರು ಕೇಳಿದರೆ ತುಟಿ ಒರೆಸಿಕೊಳ್ಳುವ ನಮ್ಮ ಅವ್ವ, ಒಂದು ಗಳಿಗೆ ಕಣ್ಣು ಮುಚ್ಚಿ, ಆ ಹೊಕ್ಕುಳಬಳ್ಳಿಯನ್ನು ಬಾಯಿಗೆ ಇಟ್ಟುಕೊಂಡು ಊದಿದಳು. ಮುಖ ಕೆಂಪಾಗುವ ತನಕ ಊದಿದಳು. ಚರ್ಮ ಒಂದೊಂದೇ ಮಡಿಕೆ ಬಿಟ್ಟು ಮೆಲ್ಲಗೆ ಎದ್ದಿತು.

ಅಪ್ಪ ಯಾವಾಗ ಈ ಕಡೆ ತಿರುಗಿದ್ದನೋ ಗೊತ್ತಿಲ್ಲ. ಅವ್ವ ಊದುವುದು ನಿಲ್ಲಿಸಿದಾಗ ಬಂದು, ಗಾಳಿ ಹೋಗದ ಹಾಗೆ ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದ. ಅವ್ವ ದಾರ ಸುತ್ತಿ ಗಂಟು ಹಾಕಿದಳು. ನಾನು ಲೇಸು ಕಟ್ಟಿದೆ.

ಮಾರನೆಯ ದಿನ ಅಪ್ಪ ನನ್ನನ್ನೂ ಮೈದಾನಕ್ಕೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಫುಟ್‌ಬಾಲು ನನ್ನ ಕೈಯಲ್ಲೇ ಇತ್ತು, ಅವನು ಕೊಡೆ ಹಿಡಿದಿದ್ದ. ಯಾವಾಗಲೂ ಆ ದಾರಿಯಲ್ಲಿ ಏನಾದರೊಂದು ಪ್ರಾಣಿಯ ಸುದ್ದಿ ಹೇಳುತ್ತಿದ್ದವನು ಅಂದು ಟ್ರಾಫಿಕ್ಕು ನೋಡುತ್ತ ನಡೆದ. ಪಂದ್ಯ ಶುರುವಾಯಿತು. ಮಳೆ ಜೋರಾಯಿತು. ಫುಟ್‌ಬಾಲು ಕೂರಲಿಲ್ಲ, ಕೆಸರಿನಲ್ಲಿ ಒಳ್ಳೆ ಜಿಗಿಯಿತು. ಬೀದಿನಾಯಿಯೊಂದು ಮೂರು ಸಾರಿ ಮೈದಾನದೊಳಗೆ ಓಡಿ ಬಂದು ಉಳಿದ ಎಲ್ಲರನ್ನೂ ಬಿಟ್ಟು ಚೆಂಡನ್ನೇ ಮೂಸಿ ನೋಡಿತು. ಇಷ್ಟೇ ಆಗಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ನಮ್ಮ ಕ್ಲಬ್ಬಿನ ಎತ್ತರದ ಹುಡುಗ ಹಾರಿ ತಲೆಯಿಂದ ಗೋಲು ಹೊಡೆದ. ಎಲ್ಲರೂ ಅವನನ್ನು ತಬ್ಬಿಕೊಳ್ಳಲು ಓಡಿದರು, ಹತ್ತಿರ ಹೋದವರು ನಿಂತುಬಿಟ್ಟರು. ಅವನ ಹಣೆ ಹಳದಿಯಾಗಿತ್ತು. ಮಳೆನೀರಿಗೆ ಹೊಲಿಗೆಗಳಿಂದ ಅರಿಷಿಣ ಬಿಡತೊಡಗಿತ್ತು. ಅರ್ಧ ಆಟ ಮುಗಿಯುವ ಹೊತ್ತಿಗೆ ಎರಡೂ ತಂಡದವರ ಹಣೆ, ಮೊಣಕಾಲು, ಗೋಲ್‌ಕೀಪರನ ಎರಡೂ ಅಂಗೈ ಅರಿಷಿಣವಾಗಿ, ಮೈದಾನದಲ್ಲಿ ಇಪ್ಪತ್ತೆರಡು ಮದುಮಕ್ಕಳು ಓಡಾಡುತ್ತಿದ್ದಂತೆ ಕಾಣುತ್ತಿತ್ತು.

ಸೆಕ್ರೆಟರಿ ಸಾಹೇಬರು ಫುಟ್‌ಬಾಲನ್ನು ಕೈಗೆ ತೆಗೆದುಕೊಂಡು ಅಪ್ಪನ ಹತ್ತಿರ ಬಂದರು. ಸಾತಾರದ ಕಡೆಯ ದಪ್ಪ ಮೀಸೆಯ ಮನುಷ್ಯ. ಇದೇನು ಎಂದು ಕೇಳಿದರು. ಅಪ್ಪ ನನ್ನನ್ನು ನೋಡಿದ. ಮಗಳ ತಂಟೆ ಎಂದು ಹೇಳಿದರೆ ತಾನು ಬೈಸಿಕೊಂಡು ಉಳಿಯಬಹುದಿತ್ತು, ಆದರೆ ದನಗಳು ವಡಾಲಾಕ್ಕೆ ಹೋಗುತ್ತಿದ್ದವು. ಅಪ್ಪ ಕೊಡೆಯನ್ನು ನನ್ನ ಕೈಗೆ ಕೊಟ್ಟು, ಮಳೆಯಲ್ಲಿ ನೆಟ್ಟಗೆ ನಿಂತು, ತನ್ನ ಮುರುಕು ಮರಾಠಿಯಲ್ಲಿ ಹೇಳಿದ: ಸಾಹೇಬ, ನಮ್ಮ ಕಡೆ ಮಳೆಗಾಲದಲ್ಲಿ ದುಡಿಮೆ ಶುರುಮಾಡುವ ಜನಾವರಕ್ಕೆ ಅರಿಷಿಣ ಮಾಡಿಯೇ ಹೊರಗೆ ಬಿಡುತ್ತೇವೆ.

ಜನಾವರ ಎಂದ. ಅಷ್ಟೂ ಜನರ ಎದುರಿಗೆ ಎಂದ. ನನಗೆ ಕೊಡೆ ಹಿಡಿದುಕೊಳ್ಳಲಾಗದಷ್ಟು ಸಂತೋಷವಾಯಿತು.

ಸಾಹೇಬರು ಫುಟ್‌ಬಾಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, ಇದು ಬೇಂದೂರ ಹಬ್ಬ ಅಲ್ಲವೇ, ನಮ್ಮ ಹಳ್ಳಿಯಲ್ಲೂ ಎತ್ತುಗಳಿಗೆ ಮಾಡುತ್ತಾರೆ, ನನ್ನ ಅಜ್ಜ ಕೋಡಿಗೆ ಬೇಗಡೆ ಸುತ್ತುತ್ತಿದ್ದ ಎಂದರು. ಅವರ ದನಿ ಮೆತ್ತಗಾಗಿತ್ತು. ಮೂಗಿನ ಹತ್ತಿರ ತಂದು ಒಂದು ಸಾರಿ ಮೂಸಿ, ಹುಬ್ಬು ಗಂಟಿಕ್ಕಿದರಾದರೂ ಏನೂ ಕೇಳಲಿಲ್ಲ. ಆ ಪಂದ್ಯವನ್ನು ನಾವು ಗೆದ್ದೆವು. ಆಟಗಾರರಿಗೆ ಗೆಲುವಿನ ದಿನ ಹಾಕಿದ ಮೋಜೆಯನ್ನೂ ಒಗೆಯದೆ ಕಾಪಾಡುವ ಚಾಳಿ. ಮುಂದಿನ ವರ್ಷ ಅವರೇ ಬಂದು ಅಪ್ಪನನ್ನು ಅರಿಷಿಣ ಮಾಡಿದ್ದೀಯೋ ಇಲ್ಲವೋ ಎಂದು ಕೇಳಿದರು. ದನಗಳು ಮತ್ತೂ ಏಳು ಮಳೆಗಾಲ ನಮ್ಮ ಮನೆಗೆ ಬಂದವು. ಕೈಗಾಡಿ ಅಂಗಳಕ್ಕೆ ಬಂದಾಗ ಅವ್ವ ಎಂದಿನಂತೆ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಿದ್ದಳು. ಆದರೆ ಆ ಮಳೆಗಾಲದಿಂದ, ಗಾಡಿಯಿಂದ ಫುಟ್‌ಬಾಲುಗಳನ್ನು ಮಾತ್ರ ಅವಳೇ ಇಳಿಸಿಕೊಳ್ಳುತ್ತಿದ್ದಳು.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದೆ. ಕಪ್ಪೆ, ಚಿಟ್ಟೆ, ಸೊಳ್ಳೆಗಳ ಜೀವನಚಕ್ರದ ಚಿತ್ರ ಸಾವಿರ ಸಲ ಬರೆದಿದ್ದೇನೆ. ಯಾವುದಕ್ಕೆ ಜೀವ ಇದೆ, ಯಾವುದಕ್ಕೆ ಇಲ್ಲ ಎಂದು ಹೇಗೆ ಗುರುತಿಸುವುದು ಎಂದು ಮಕ್ಕಳು ಕೇಳಿದಾಗಲೆಲ್ಲ ಪುಸ್ತಕದ ಉತ್ತರ ಕೊಡುತ್ತಿದ್ದೆ. ಕೊಡುವಾಗ ಪ್ರತಿ ಸಾರಿಯೂ ಪರಾತದ ಮುಂದೆ ಕೂತು ಕೆಂಪಾದ ಅವ್ವನ ಮುಖ ನೆನಪಿಗೆ ಬರುತ್ತಿತ್ತು. ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಅವ್ವ ನನ್ನ ಜೊತೆ ಮುಲುಂಡಿನಲ್ಲಿದ್ದಾಳೆ. ಕಿವಿ ಸ್ವಲ್ಪ ಮಂದ, ನಾಲಿಗೆ ಹಾಗೇ ಇದೆ.

ಹೋದ ಮಳೆಗಾಲದಲ್ಲಿ ಮೊಣಕಾಲು ತೋರಿಸಲು ಪರೇಲಿನ ಆಸ್ಪತ್ರೆಗೆ ಹೋದವಳು ಹಾಗೇ ಆ ಮೈದಾನದ ಕಡೆ ನಡೆದೆ. ನಮ್ಮ ಚಾಳು ಇದ್ದಲ್ಲಿ ಈಗ ಗಾಜಿನ ಬಿಲ್ಡಿಂಗು. ಮೈದಾನ ಸ್ವಲ್ಪ ಸಣ್ಣದಾಗಿದೆ, ಸಾಮಾನಿನ ಕೋಣೆಗೆ ಸಿಮೆಂಟಿನ ಛಾವಣಿ ಬಂದಿದೆ. ಹುಡುಗಿಯರ ತಂಡವೊಂದು ಆಡಲು ನಿಂತಿತ್ತು. ಅವರ ಕೋಚು, ಕೊರಳಿಗೆ ಸೀಟಿ ಹಾಕಿಕೊಂಡ ಹೆಣ್ಣುಮಗಳು, ಬ್ಯಾಗಿನಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು, ಹೊಚ್ಚಹೊಸ ಫುಟ್‌ಬಾಲಿಗೆ ಎರಡು ಬೆರಳಲ್ಲಿ ಅರಿಷಿಣ ಹಚ್ಚುತ್ತಿದ್ದಳು. ನಾನು ಬೇಲಿಯ ಹತ್ತಿರ ಹೋಗಿ, ಇದು ಯಾತಕ್ಕೆ ಎಂದು ಕೇಳಿದೆ.

"ಪತಾ ನಹೀ ಆಂಟಿ," ಎಂದಳು. "ಪೆಹಲೇ ಸೇ ಚಲ್ತಾ ಆ ರಹಾ ಹೈ. ಪೆಹಲೀ ಬಾರಿಶ್ ಮೇ ಇಸ್‌ಕೋ ಹಲ್ದೀ ಲಗಾನಾ ಪಡ್ತಾ ಹೈ."

ಯಾಕೋ ಅವಳಿಗೂ ಗೊತ್ತಿಲ್ಲ, ಮೊದಲಿನಿಂದ ನಡೆದುಬಂದಿದೆ, ಮೊದಲ ಮಳೆಗೆ ಇದಕ್ಕೆ ಅರಿಷಿಣ ಹಚ್ಚಲೇಬೇಕಂತೆ. ಲೋಕಲ್‌ನಲ್ಲಿ ಮುಲುಂಡಿನ ತನಕ ಒಬ್ಬಳೇ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಬಂದೆ. ಅವ್ವ ಕಿಟಕಿಯ ಹತ್ತಿರ ಕೂತು ಮೆಂತೆಪಲ್ಯ ಸೋಸುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಅವಳ ಕಿವಿಯ ಹತ್ತಿರ ಬಗ್ಗಿ ಎಲ್ಲ ಹೇಳಿದೆ. ಹುಡುಗಿಯರು, ಡಬ್ಬಿ, ಅರಿಷಿಣ. ಅವ್ವ ಕೈ ನಿಲ್ಲಿಸಿ ಕೇಳಿಸಿಕೊಂಡಳು. ಅವಳೂ ಅಳುತ್ತಾಳೆ ಎಂದುಕೊಂಡೆ. ಅವಳು ಒಂದು ಕಡ್ಡಿ ಮುರಿದು ಎಲೆ ಬಿಡಿಸಿ ಬುಟ್ಟಿಗೆ ಹಾಕಿದಳು.

"ತತ್ತಿ ಕುಡಿಸಿದ್ರೇನು?" ಎಂದು ಕೇಳಿದಳು.

ಇಲ್ಲ, ಬರೀ ಅರಿಷಿಣ ಎಂದೆ.

"ಬರೇ ಅರಿಷಿಣ ಹಚ್ಚಿದ್ರ ಏನಾತು," ಎಂದಳು ಅವ್ವ. "ಮಳಿಗಾಲ ಪೂರಾ ದುಡೀಬೇಕು ಅದು. ಕಸುವು ಎಲ್ಲಿಂದ ಬರಬೇಕು ಪಾಪ."